ಹಳೇ ಫ್ಲ್ಯಾಗ್, ಹೊಸ ಕೆಲಸ

ಫೀಚರ್ ಫ್ಲ್ಯಾಗ್ ಅಂದ್ರೆ ಒಂದು ಸ್ವಿಚ್. ಆನ್ ಮಾಡಿದ್ರೆ ಹೊಸ ಸೌಲಭ್ಯ ಓಡುತ್ತೆ. ಇಷ್ಟು ಚಿಕ್ಕದು ಒಂದು ಕಂಪನಿಯನ್ನೇ ಅಲ್ಲಾಡಿಸಿದ್ದನ್ನ ಕೇಳಿ.

2012ರ ಆಗಸ್ಟ್ 1. ಅಮೆರಿಕದ ಷೇರು ವಹಿವಾಟು ಸಂಸ್ಥೆ ನೈಟ್ ಕ್ಯಾಪಿಟಲ್ ತನ್ನ ಹೊಸ ಕೋಡಿಗೆ ಹಳೇ ಫ್ಲ್ಯಾಗನ್ನೇ ಬಳಸಿತ್ತು. ಅದು ಮೊದಲು ‘ಪವರ್ ಪೆಗ್’ ಅನ್ನೋ ಕೋಡಿನದು. ಬಳಕೆ 2003ರಲ್ಲೇ ನಿಂತಿತ್ತು, ಆದ್ರೆ ಯಾರೂ ಅಳಿಸಿರಲಿಲ್ಲ. ಎಂಟು ಸರ್ವರ್‌ಗಳಲ್ಲಿ ಒಂದಕ್ಕೆ ಹೊಸ ಕೋಡ್ ಹೋಗಲೇ ಇಲ್ಲ. ಫ್ಲ್ಯಾಗ್ ಹೊತ್ತ ಆರ್ಡರ್ ಬಂದಾಗ ಅಲ್ಲಿ ಪವರ್ ಪೆಗ್ ಎದ್ದು ಕೂತಿತು. ಗಾಬರಿಯಲ್ಲಿ ಉಳಿದ ಏಳರಿಂದಲೂ ಹೊಸ ಕೋಡ್ ತೆಗೆದರು, ಫ್ಲ್ಯಾಗ್ ಮಾತ್ರ ಹಾಗೇ ಬರ್ತಿತ್ತು! ಸುಮಾರು 45 ನಿಮಿಷ, 44 ಕೋಟಿ ಡಾಲರ್‌ಗೂ ಹೆಚ್ಚು ನಷ್ಟ.

ಅದಕ್ಕೇ ಫ್ಲ್ಯಾಗ್‌ಗಳನ್ನ ಒಂದು ಫೈಲಲ್ಲಿ ಬರೆದು, ಕೋಡ್ ಜತೆಗೇ ಗಿಟ್‌ನಲ್ಲಿಡಿ. ಹೆಸರು, ಯಾರದು, ಯಾವತ್ತು ತೆಗೀಬೇಕು, ಎಲ್ಲ ಇರಲಿ. ಹಳೇ ಹೆಸರಿಗೆ ಹೊಸ ಕೆಲಸ ಅಂಟಿಸಿದ್ರೆ ರಿವ್ಯೂ ಮಾಡೋರ ಕಣ್ಣಿಗೆ ಬೀಳೋ ಸಾಧ್ಯತೆ ಹೆಚ್ಚು.

ಆದ್ರೆ ಗಿಟ್ ಒಂದನ್ನೇ ನಂಬಬೇಡಿ. ಎಂಟನೇ ಸರ್ವರ್ ಏನು ಓಡಿಸ್ತಿದೆ ಅಂತ ಅದಕ್ಕೆ ಗೊತ್ತಿರಲ್ಲ. ಪ್ರತಿ ಸರ್ವರೂ ತನ್ನ ಕಮಿಟ್ ಐಡಿ ತೋರಿಸಲಿ. ಎಂಟೂ ಒಂದೇ ಅಂತ ಖಾತ್ರಿಯಾದ ಮೇಲೆ ಸ್ವಿಚ್ ಒತ್ತಿ.