ಹುಯ್ಯಲು ಕೇಳಿದಾಗ

ನಮ್ಮ ಹಳೆಯ ಶಾಸನಗಳಲ್ಲಿ ಮತ್ತೆ ಮತ್ತೆ ಎದುರಾಗುವ ಒಂದು ಮಾತಿದೆ: ಪೆಣ್ಬುಯ್ಯಲ್. 'ಪೆಣ್' ಎಂದರೆ ಹೆಣ್ಣು. 'ಪುಯ್ಯಲ್' ಎಂದರೆ ಆಪತ್ತಿಗೆ ಸಿಕ್ಕವರು ಇಡುವ ಮೊರೆ. ದನ ಹಿಡಿಯಬಂದವರನ್ನು ಎದುರಿಸಿ ಸತ್ತವನಿಗೆ, ಊರಿನ ಮೇಲೆ ಬಿದ್ದವರೊಡನೆ ಕಾದಿ ಸತ್ತವನಿಗೆ ವೀರಗಲ್ಲು ನಿಲ್ಲಿಸಿದಂತೆಯೇ, ಪೆಣ್ಬುಯ್ಯಲನ್ನು ಕೇಳಿ ಓಡಿಹೋಗಿ ಮಡಿದವನಿಗೂ ನಮ್ಮ ಹಿರಿಯರು ಕಲ್ಲು ನಿಲ್ಲಿಸಿದರು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಮೇಲಕ್ಕೊಯ್ಯುವ ನೋಟ, ತುದಿಯಲ್ಲಿ ಲಿಂಗವೋ ಜಿನಬಿಂಬವೋ. ಬಿ. ಎಲ್. ರೈಸರು ಈ ಶಾಸನಗಳನ್ನು ಊರೂರು ಸುತ್ತಿ ಪ್ರಕಟಪಡಿಸಿದರು, ಎಂ. ಚಿದಾನಂದಮೂರ್ತಿಯವರು 1966ರಲ್ಲಿ ಹೊರತಂದ 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ'ದಲ್ಲಿ ಅವುಗಳ ಒಳಗಿನ ಬಾಳನ್ನು ನಮಗೆ ತೋರಿಸಿಕೊಟ್ಟರು.

ಪಕಾರ ಹಕಾರವಾಗಿ, ಪುಯ್ಯಲ್ ಎಂಬುದು ಹುಯ್ಯಲು ಆಯಿತು, ಹುಯಿಲು ಆಯಿತು. ಶಬ್ದದ ರೂಪ ಬದಲಾದದ್ದು ಸಹಜವೇ. ಆದರೆ ಅರ್ಥ ಬದಲಾದ ಬಗೆಯನ್ನು ನೋಡಿ. ಇಂದು ನಾವು 'ಸುಮ್ಮನೆ ಹುಯಿಲೆಬ್ಬಿಸಬೇಡ' ಎನ್ನುತ್ತೇವೆ. ನೆರವಿಗೆ ಕರೆದ ಕೂಗು ಎಂಬ ಅರ್ಥ ಸವೆದು, ಇಲ್ಲದ ಗದ್ದಲ ಎಂಬ ಅರ್ಥ ಉಳಿದುಕೊಂಡಿದೆ. ಇಂಗ್ಲಿಷಿನಲ್ಲಿಯೂ ಹೀಗೆಯೇ ಆಗಿದೆ. 1285ರ ವಿಂಚೆಸ್ಟರ್ ಶಾಸನದ ಪ್ರಕಾರ, ಕಳ್ಳತನಕ್ಕೋ ದರೋಡೆಗೋ ಸಿಕ್ಕವರು ಕೂಗಿಟ್ಟರೆ ಊರಿನವರು ಬೆನ್ನಟ್ಟಿ ಹೋಗುವುದು ಕಡ್ಡಾಯವಾಗಿತ್ತು. ಆ ಕೂಗಿನ ಹೆಸರಾದ 'ಹ್ಯೂ ಅಂಡ್ ಕ್ರೈ' ಎಂಬುದಕ್ಕೆ ಈಗ ಬರಿಯ ಗಲಾಟೆ ಎಂಬ ಅರ್ಥ. ಕೂಗುವವರು ಕಡಮೆಯಾದದ್ದರಿಂದ ಅರ್ಥ ಸವೆಯಿತೆ, ಕೇಳುವವರು ಕಡಮೆಯಾದದ್ದರಿಂದಲೆ? ಇಂದಿನ ಮಾತಿಗೆ ಈ ಪ್ರಶ್ನೆಯೇ ಆಧಾರ.

ಶಾಸನಗಳ ಕಾಲವನ್ನು ಬಿಟ್ಟು ನಮ್ಮ ಮೈಸೂರಿನ ತೆಂಕಣ ಅಂಚಿಗೆ ಬರೋಣ. ನಂಜನಗೂಡಿನ ದಾರಿಯಲ್ಲಿ ಸುಮಾರು ಹತ್ತು ಕಿಲೋಮೀಟರು ಹೋದರೆ ಮಂಡಕಳ್ಳಿ. 2010ರ ಮೇ ತಿಂಗಳಲ್ಲಿ ಹೊಸ ವಿಮಾನ ನಿಲ್ದಾಣ ಉದ್ಘಾಟನೆಯಾದ ಮೇಲೆ ಈ ಹಳ್ಳಿಯ ಹೆಸರು ದೂರದವರಿಗೂ ಗೊತ್ತಾಯಿತು. ಪಕ್ಕದಲ್ಲಿಯೇ ಗುಂಡ್ಲುಪೇಟೆಯ ಮೇಲೆ ಕೇರಳಕ್ಕೆ ಹೋಗುವ ಹೆದ್ದಾರಿ. ನಂಜನಗೂಡಿನ ಕಾರ್ಖಾನೆಗಳಿಗೆ ಪಾಳಿಯ ಮೇಲೆ ಹೋಗಿಬರುವ ಹೆಣ್ಣುಮಕ್ಕಳು, ಗಂಡುಮಕ್ಕಳು. ನಂಜುಂಡೇಶ್ವರನ ದರ್ಶನಕ್ಕೆಂದು ನಡೆದು ಹೋಗುವವರು. ನಗರದ ಕಾಲೇಜಿನಿಂದ ಸಂಜೆಯ ಬಸ್ಸಿಗೆ ಮರಳುವ ಮಕ್ಕಳು. ನಗರವು ಹಳ್ಳಿಯನ್ನು ಸೇರುವ ಇಂತಹ ಅಂಚುಗಳು ಮೈಸೂರಿನ ಸುತ್ತ ಎಲ್ಲ ದಿಕ್ಕಿಗೂ ಇವೆ. ಹೊಲ ಹೋಗಿ ನಿವೇಶನವಾಗಿದೆ, ನಿವೇಶನದಲ್ಲಿ ಇನ್ನೂ ಮನೆ ಎದ್ದಿಲ್ಲ. ಹೊಲವಿದ್ದಾಗ ಅಲ್ಲಿ ರಾತ್ರಿ ನೀರು ಕಟ್ಟುವವನಾದರೂ ಇರುತ್ತಿದ್ದ. ಮನೆ ಎದ್ದಮೇಲೆ ದೀಪವಾದರೂ ಇದ್ದೀತು. ನಡುವಣ ಹತ್ತು ಹದಿನೈದು ವರ್ಷ ಪಾರ್ಥೇನಿಯಂ ಗಿಡ ಬಿಟ್ಟರೆ ಅಲ್ಲಿ ಯಾರೂ ಇಲ್ಲ. ಕೂಗಿದರೆ ಕೇಳುವ ಕಿವಿಯಿಲ್ಲದ ಜಾಗ ಅದು.

2021ರ ಆಗಸ್ಟ್ 24ರ ಸಂಜೆ ಚಾಮುಂಡಿ ಬೆಟ್ಟದ ತಪ್ಪಲಿನ ಇಂತಹುದೇ ಒಂದು ನಿರ್ಜನ ಜಾಗದಲ್ಲಿ, ಲಲಿತಾದ್ರಿಪುರದ ಕಡೆ, ಒಬ್ಬ ವಿದ್ಯಾರ್ಥಿನಿಯ ಮೇಲೆ ಗುಂಪೊಂದು ಅತ್ಯಾಚಾರವೆಸಗಿತು. ಜೊತೆಯಲ್ಲಿದ್ದ ಗೆಳೆಯನನ್ನು ಹೊಡೆದು ಹಣಕ್ಕೆ ಪೀಡಿಸಿತು. ನಾಲ್ಕು ದಿನಗಳಲ್ಲಿ ಪೊಲೀಸರು ತಮಿಳುನಾಡಿನಿಂದ ಐವರನ್ನು ಹಿಡಿದು ತಂದರು. ಅದು ಪೊಲೀಸರ ಶ್ರಮಕ್ಕೆ ಸಲ್ಲಬೇಕಾದ ಮಾತು. ಆದರೆ ಆ ನಾಲ್ಕು ದಿನಗಳಲ್ಲಿ ನಾವು ಆಡಿದ ಮಾತುಗಳೇನು? ಅಂದಿನ ಗೃಹಮಂತ್ರಿಗಳು ಅಂತಹ ಜಾಗಕ್ಕೆ ಅವರು ಹೋಗಬಾರದಾಗಿತ್ತು ಎಂಬರ್ಥದಲ್ಲಿ ನುಡಿದು, ಟೀಕೆ ಬಂದಮೇಲೆ ಮಾತನ್ನು ಹಿಂತೆಗೆದುಕೊಂಡರು. ಸಂಜೆ ಆರೂವರೆಯ ನಂತರ ಮಾನಸಗಂಗೋತ್ರಿಯಲ್ಲಿ ವಿದ್ಯಾರ್ಥಿನಿಯರು ಒಂಟಿಯಾಗಿ ಓಡಾಡಕೂಡದೆಂದು ವಿಶ್ವವಿದ್ಯಾನಿಲಯ ಸುತ್ತೋಲೆ ಹೊರಡಿಸಿ, ಅದನ್ನೂ ಹಿಂತೆಗೆದುಕೊಂಡಿತು. ಹೇಳಿದವರ ಮನಸ್ಸಿನಲ್ಲಿ ಕಾಳಜಿ ಇರಲಿಲ್ಲವೆಂದು ನಾನು ಹೇಳಲಾರೆ. ನಮ್ಮ ನಮ್ಮ ಮನೆಗಳಲ್ಲಿಯೂ ಆ ವಾರ ಹೆಣ್ಣುಮಕ್ಕಳಿಗೆ ಹೇಳಿದ ಬುದ್ಧಿ ಅದೇ ಅಲ್ಲವೆ?

ಆ ಬುದ್ಧಿಯ ಪರಿಣಾಮವನ್ನು ಸ್ವಲ್ಪ ಯೋಚಿಸಬೇಕು. ಕೆರೆಯ ಏರಿಯ ಮೇಲೆ ಸಂಜೆ ಹತ್ತು ಜನ ಹೆಂಗಸರು ನಡೆದಾಡುತ್ತಿದ್ದಾರೆಂದು ಇಟ್ಟುಕೊಳ್ಳಿ. ಭಯದಿಂದ ಐವರು ಬರುವುದನ್ನು ನಿಲ್ಲಿಸಿದರೆ, ಉಳಿದ ಐವರಿಗೆ ಆ ಏರಿ ಮೊದಲಿಗಿಂತ ಅಪಾಯದ್ದಾಗುತ್ತದೆ. ಅವರಲ್ಲಿ ಮೂವರು ನಿಲ್ಲಿಸಿದರೆ ಇನ್ನಿಬ್ಬರಿಗೆ ಇನ್ನೂ ಅಪಾಯ. ಕೊನೆಗೆ ಗತ್ಯಂತರವಿಲ್ಲದೆ ಆ ದಾರಿಯಲ್ಲಿಯೇ ನಡೆಯಬೇಕಾದವಳು ಒಬ್ಬಳೇ ಉಳಿಯುತ್ತಾಳೆ: ಪಾಳಿ ಮುಗಿಸಿ ಬರುವ ಕೆಲಸದವಳು, ಕೊನೆಯ ಬಸ್ಸಿನ ವಿದ್ಯಾರ್ಥಿನಿ. ನಾವು ನಮ್ಮ ಮಗಳನ್ನು ಮನೆಯೊಳಗೆ ಉಳಿಸಿಕೊಂಡಾಗ, ಇನ್ನೊಬ್ಬರ ಮಗಳ ದಾರಿಯಿಂದ ಒಂದು ಜೊತೆ ಕಣ್ಣನ್ನು ತೆಗೆದುಬಿಟ್ಟಿರುತ್ತೇವೆ. ಎಲ್ಲರೂ ಜಾಗರೂಕರಾಗಿ ಮನೆ ಸೇರಿದ ಊರಿನಲ್ಲಿ ಬೀದಿ ಯಾರ ಪಾಲಾಗುತ್ತದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬೀದಿಯನ್ನು ಕಾಯುವ ಕೆಲಸವನ್ನು ನಮ್ಮ ಹಳೆಯ ಮನೆಗಳು ತಾವಾಗಿಯೇ ಮಾಡುತ್ತಿದ್ದವು. ಮೈಸೂರಿನ ಅಗ್ರಹಾರಗಳ ಜಗಲಿಗಳನ್ನು ನೆನೆದುಕೊಳ್ಳಿ. ಜಗಲಿಯ ಮೇಲೆ ಕುಳಿತು ಎಲೆಯಡಿಕೆ ಹಾಕುತ್ತಿದ್ದ ಹಿರಿಯರು ಯಾರನ್ನೂ ಕಾಯಲೆಂದು ಕುಳಿತವರಲ್ಲ. ಆದರೂ ಬೀದಿಗೆ ಹೊಸಬ ಬಂದರೆ 'ಯಾರ ಮನೆಗಪ್ಪಾ?' ಎಂಬ ಪ್ರಶ್ನೆ ತಪ್ಪದೆ ಬರುತ್ತಿತ್ತು. ಆ ಕಣ್ಣಿಗೆ ತನ್ನದೇ ದೋಷಗಳಿದ್ದವು. ಜಾತಿ ಕೇಳುವ ಕಣ್ಣೂ ಅದೇ, ಹೆಣ್ಣುಮಗಳು ಯಾರೊಡನೆ ಮಾತನಾಡಿದಳೆಂದು ಅಳೆಯುವ ಕಣ್ಣೂ ಅದೇ. ಅಮೆರಿಕದ ಜೇನ್ ಜೇಕಬ್ಸ್ ಎಂಬಾಕೆ 1961ರಲ್ಲಿ ನಗರಗಳನ್ನು ಕುರಿತು ಬರೆದ ಪ್ರಸಿದ್ಧ ಗ್ರಂಥದಲ್ಲಿ ಇದನ್ನೇ 'ಬೀದಿಯ ಮೇಲಿನ ಕಣ್ಣುಗಳು' ಎಂದು ಕರೆದರು. ಅಂಗಡಿ, ಮನೆ, ನಡೆದಾಡುವವರು ಬೆರೆತಿರುವ ಬೀದಿಯನ್ನು ಅಲ್ಲಿನ ಜನರೇ ಕಾಯುತ್ತಾರೆ. ಪೊಲೀಸರೊಬ್ಬರೇ ಕಾಯಲಾರರು ಎಂಬುದು ಆಕೆಯ ವಾದದ ತಿರುಳು. ಶಿವನಸಮುದ್ರದಲ್ಲಿ 1902ರಲ್ಲಿಯೇ ವಿದ್ಯುತ್ತನ್ನು ಉತ್ಪಾದಿಸಿ, 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ಬೆಳಕು ತಂದ ನಾಡು ನಮ್ಮದು. 1903ರಷ್ಟು ಹಿಂದೆಯೇ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿಯನ್ನು ಪಡೆದ ಊರು ಮೈಸೂರು. ಅಂತಹ ಊರಿನ ಹೊಸ ಬಡಾವಣೆಗಳಲ್ಲಿ ಜಗಲಿ ಹೋಗಿ ಆಳೆತ್ತರದ ಕಾಂಪೌಂಡ್ ಗೋಡೆ ಬಂದಿದೆ. ಗೋಡೆಯ ಮೇಲೆ ಗಾಜಿನ ಚೂರಿದೆ, ಕ್ಯಾಮೆರಾ ಇದೆ. ಕ್ಯಾಮೆರಾ ನಡೆದದ್ದನ್ನು ಬರೆದಿಟ್ಟುಕೊಳ್ಳುತ್ತದೆ, ನಡೆಯುತ್ತಿರುವಾಗ ಬಾಗಿಲು ತೆರೆದು ಹೊರಗೆ ಬರುವುದಿಲ್ಲ.

ಇನ್ನು ಪುಂಡರ ವಿಷಯ. ಪುಂಡರೆಂದು ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ. ಆದರೆ ಎಲ್ಲ ಗುಂಪೂ ಒಂದೇ ಅಲ್ಲ. ಮೊದಲನೆಯದಾಗಿ, ಟೀ ಅಂಗಡಿಯ ಮುಂದೆ ಕುಳಿತ ನಾಲ್ಕು ಜನ ಹುಡುಗರೆಲ್ಲ ಪುಂಡರಲ್ಲ. ಅವರಿಗೆ ಕುಳಿತುಕೊಳ್ಳಲು ಬೇರೆ ಜಾಗವನ್ನು ನಾವು ಉಳಿಸಿಲ್ಲ, ಅಷ್ಟೆ. ನಿಜವಾದ ಪುಂಡರಲ್ಲಿ ಚುಡಾಯಿಸುವವರು ಒಂದು ಬಗೆ. ಅಲ್ಲಿ ಒಬ್ಬನು ಇನ್ನೊಬ್ಬನಿಗೆ ತೋರಿಸಲೆಂದು ಆಟವಾಡುತ್ತಾನೆ. ಅವರಿಗೆ ಬೇಕಾದದ್ದು ನೋಟಕರು. ಅವರೊಡನೆ ವಾದಕ್ಕೆ ನಿಲ್ಲದೆ, ತಡಮಾಡದೆ, ಜನವಿರುವ ಕಡೆಗೆ, ಬೆಳಕಿರುವ ಅಂಗಡಿಗೆ ನಡೆಯುವುದು ಜಾಣತನ. ಸರಗಳ್ಳರಿಗೆ, ಮೊಬೈಲು ಕಿತ್ತುಕೊಳ್ಳುವವರಿಗೆ ಬೇಕಾದದ್ದು ವಸ್ತು. ಸರ ಮತ್ತೆ ಮಾಡಿಸಿಕೊಳ್ಳಬಹುದು. ಬೈಕಿನ ಹಿಂದೆ ಎಳೆದಾಡಿದರೆ ಕೊರಳು ಉಳಿಯದು. ಬಿಟ್ಟುಬಿಡಿ, ಬಂಡಿಯ ಬಣ್ಣ, ಹೋದ ದಿಕ್ಕು, ನಂಬರಿನ ಕೊನೆಯ ಅಂಕಿಗಳನ್ನು ನೆನಪಿನಲ್ಲಿಡಿ. ಮೂರನೆಯ ಬಗೆಯವರು ಮಾಮೂಲು ಕೇಳುವವರು. ಅವರಿಗೆ ಬೇಕಾದದ್ದು ದಿನದಿನದ ಭಯ. ಒಬ್ಬ ಅಂಗಡಿಯವನು ದೂರು ಕೊಟ್ಟರೆ ಅವನೊಬ್ಬನೇ ಗುರಿಯಾಗುತ್ತಾನೆ; ಬೀದಿಯ ಇಪ್ಪತ್ತು ಅಂಗಡಿಗಳವರು ಒಂದೇ ಕಾಗದಕ್ಕೆ ಸಹಿ ಹಾಕಿದರೆ ಗುರಿಯಿಡುವುದು ಅವರಿಗೇ ಕಷ್ಟ. ಮೈಮೇಲೆಯೇ ಕೈಮಾಡಲು ಬಂದವರ ಮುಂದೆ ಮಾತ್ರ ಸಂಕೋಚಕ್ಕೆ ಎಡೆಯಿಲ್ಲ. ಕೂಗಬೇಕು, ಓಡಬೇಕು, ಸಿಕ್ಕಿದ್ದರಿಂದ ಹೊಡೆಯಬೇಕು. ಓಡುವುದು ಹೇಡಿತನವೆಂಬ ಮಾತು ಸಿನಿಮಾದಲ್ಲಿ ಹುಟ್ಟಿದ್ದು. 1995ರ 'ಓಂ' ಚಿತ್ರದಲ್ಲಿ ನಿಜವಾದ ರೌಡಿಗಳೇ ಪಾತ್ರವಹಿಸಿದ್ದರು. ಅಲ್ಲಿಂದೀಚೆಗೆ ಮಚ್ಚು ಲಾಂಗುಗಳು ನಮ್ಮ ತೆರೆಯ ನಾಯಕನಿಗೆ ಆಭರಣವಾಗಿಬಿಟ್ಟವು. ತೆರೆಯ ಮೇಲೆ ಗಾಯ ಮುಂದಿನ ದೃಶ್ಯಕ್ಕೆ ಮಾಯುತ್ತದೆ.

ಕಾನೂನು ಕೈಕಟ್ಟಿ ಕುಳಿತಿಲ್ಲ. 1963ರ ಕರ್ನಾಟಕ ಪೊಲೀಸ್ ಕಾಯಿದೆಯಲ್ಲಿ ಗಡೀಪಾರಿಗೆ ಅವಕಾಶವಿದೆ. 1985ರ ಗೂಂಡಾ ಕಾಯಿದೆಯಲ್ಲಿ ಹನ್ನೆರಡು ತಿಂಗಳವರೆಗೆ ಬಂಧನದಲ್ಲಿಡಬಹುದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಕಿತ್ತುಕೊಂಡು ಓಡುವುದು ಪ್ರತ್ಯೇಕ ಅಪರಾಧ. ಗುಂಪು ಕಟ್ಟಿ ಇಂತಹ ಕಳವು ಮಾಡುವವರಿಗೆ ಏಳು ವರ್ಷದವರೆಗೆ ಸೆರೆ. ಎಲ್ಲಿ ನಡೆದ ಘಟನೆಯಾದರೂ ಹತ್ತಿರದ ಯಾವ ಠಾಣೆಯಲ್ಲಿಯಾದರೂ ದೂರು ಕೊಡಬಹುದು. 'ಇದು ನಮ್ಮ ವ್ಯಾಪ್ತಿಯಲ್ಲ' ಎಂದು ತಿರುಗಿ ಕಳುಹಿಸುವಂತಿಲ್ಲ. ತುರ್ತಿಗೆ 112 ಎಂಬ ಸಂಖ್ಯೆಯಿದೆ. ತನ್ನ ದೇಹವನ್ನಷ್ಟೇ ಅಲ್ಲ, ಇನ್ನೊಬ್ಬರ ದೇಹವನ್ನೂ ರಕ್ಷಿಸುವ ಹಕ್ಕನ್ನು ಕಾನೂನು ಕೊಟ್ಟಿದೆ. ಅಗತ್ಯಕ್ಕಿಂತ ಹೆಚ್ಚಿನ ಪೆಟ್ಟು ಕೊಡಕೂಡದೆಂಬ ಕಟ್ಟಳೆಯೂ ಇದೆ. ವೀರಗಲ್ಲಿನ ಧರ್ಮವೇ ಈಗ ಕಾನೂನಿನ ಪುಸ್ತಕದಲ್ಲಿದೆ.

ಹಾಗಾದರೆ ಕೇಳಿದವನು ಏಕೆ ಹೊರಡುವುದಿಲ್ಲ? 1964ರಲ್ಲಿ ನ್ಯೂಯಾರ್ಕಿನಲ್ಲಿ ಒಬ್ಬ ತರುಣಿಯ ಕೊಲೆಯನ್ನು ಮೂವತ್ತೆಂಟು ಜನ ನೆರೆಯವರು ಸುಮ್ಮನೆ ನೋಡಿದರೆಂದು ಪತ್ರಿಕೆ ಬರೆಯಿತು. ಜನ ಹೆಚ್ಚಿದಷ್ಟೂ ಪ್ರತಿಯೊಬ್ಬನೂ 'ಇನ್ನೊಬ್ಬ ಹೋದಾನು' ಎಂದು ಸುಮ್ಮನಿರುತ್ತಾನೆಂಬ ಸಿದ್ಧಾಂತ ಅದರಿಂದ ಬೆಳೆಯಿತು. ಆ ವರದಿ ಬಹಳ ಉತ್ಪ್ರೇಕ್ಷಿತವಾಗಿತ್ತೆಂದು ಆಮೇಲೆ ತಿಳಿದುಬಂತು. ಈಚೆಗೆ ಫಿಲ್ಪಾಟ್ ಮತ್ತು ಸಂಗಡಿಗರು ಇಂಗ್ಲೆಂಡ್, ಹಾಲೆಂಡ್, ದಕ್ಷಿಣ ಆಫ್ರಿಕಾಗಳ ಮೂರು ನಗರಗಳಲ್ಲಿ ಬೀದಿಜಗಳಗಳ 219 ಕ್ಯಾಮೆರಾ ಚಿತ್ರಗಳನ್ನು ಪರಿಶೀಲಿಸಿದರು. ಹತ್ತರಲ್ಲಿ ಒಂಬತ್ತು ಸಲ ಒಬ್ಬನಾದರೂ ನಡುವೆ ಬಂದಿದ್ದ. ಜನ ಹೆಚ್ಚಿದ್ದಷ್ಟೂ ನೆರವು ಸಿಗುವ ಸಂಭವ ಹೆಚ್ಚಾಗಿತ್ತು. ಮನುಷ್ಯರನ್ನು ಕುರಿತು ನಾವು ನಂಬಿಕೊಂಡಿರುವುದಕ್ಕಿಂತ ಮನುಷ್ಯರು ವಾಸಿ.

ಆದರೆ ಒಬ್ಬನೇ ಮುಂದೆ ಬಂದರೆ ಸಾಲದು. 2011ರ ಅಕ್ಟೋಬರಿನಲ್ಲಿ ಮುಂಬಯಿಯ ಅಂಧೇರಿಯಲ್ಲಿ ಗೆಳತಿಯರನ್ನು ಚುಡಾಯಿಸಿದವರನ್ನು ತಡೆದ ಇಬ್ಬರು ತರುಣರನ್ನು ಗುಂಪು ಬೀದಿಯಲ್ಲಿಯೇ ಇರಿಯಿತು, ಇಬ್ಬರೂ ಉಳಿಯಲಿಲ್ಲ. 2016ರಲ್ಲಿ ನಾಲ್ವರಿಗೆ ಜೀವಾವಧಿ ಶಿಕ್ಷೆಯಾಯಿತು. ಎಂ.ಎ. ತರಗತಿಗಳಲ್ಲಿ ವೀರಗಲ್ಲಿನ ಶಾಸನಗಳನ್ನು ಪಾಠ ಹೇಳುವಾಗ ನನಗೆ ಅನ್ನಿಸುತ್ತಿದ್ದುದುಂಟು: ಹುಯ್ಯಲು ಕೇಳಿ ಎರಡನೆಯವನೂ ಮೂರನೆಯವನೂ ಹೊರಟಿದ್ದರೆ, ಮೊದಲನೆಯವನಿಗೆ ಕಲ್ಲು ನಿಲ್ಲಿಸುವ ಪ್ರಮೇಯವೇ ಬರುತ್ತಿರಲಿಲ್ಲವಲ್ಲ! ನಮಗೆ ಇಂದು ಬೇಕಾದವನು ಆ ಎರಡನೆಯವನು. ಅವನು ಶೂರನಾಗಿರಬೇಕಾಗಿಲ್ಲ. ಬಾಗಿಲು ತೆರೆದು ದೀಪ ಹಾಕಿ 'ಯಾರಲ್ಲಿ?' ಎಂದು ಕೂಗಿದರೆ ಸಾಕು. ಪಕ್ಕದ ಮನೆಯವರನ್ನು ಹೆಸರು ಹಿಡಿದು ಕರೆದರೆ ಸಾಕು. 112ಕ್ಕೆ ಕರೆ ಮಾಡಿ, ನೊಂದವರ ಬಳಿ ನಿಂತು, ನಾಳೆ ನ್ಯಾಯಾಲಯದಲ್ಲಿ ಕಂಡದ್ದನ್ನು ಕಂಡಂತೆ ಹೇಳಿದರೆ ಸಾಕು. ಈ ಕೊನೆಯದೇ ಎಲ್ಲಕ್ಕಿಂತ ಕಷ್ಟದ ಕೆಲಸ, ಎಲ್ಲಕ್ಕಿಂತ ಅಪರೂಪದ ಕೆಲಸ.

ಒಂದು ಎಚ್ಚರಿಕೆಯ ಮಾತನ್ನೂ ಹೇಳದೆ ಮುಗಿಸಲಾರೆ. ಹುಯ್ಯಲಿಗೆ ಓಡಿಬಂದವರೇ ಪುಂಡರ ಗುಂಪಾಗಬಹುದು. 2018ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಮಕ್ಕಳ ಕಳ್ಳನೆಂಬ ವದಂತಿಗೆ ಸಿಕ್ಕಿ ರಾಜಸ್ಥಾನದಿಂದ ಬಂದಿದ್ದ ಒಬ್ಬ ಕೂಲಿಕಾರನನ್ನು ಜನ ಬಡಿದು ಕೊಂದರು. ಎರಡು ತಿಂಗಳೊಳಗೆ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಇಂಜಿನಿಯರನೊಬ್ಬ ಅದೇ ಬಗೆಯ ವದಂತಿಗೆ ಬಲಿಯಾದ. ಅಲ್ಲಿ ನೆರೆದವರು ತಾವು ಪುಂಡರನ್ನು ಎದುರಿಸುತ್ತಿದ್ದೇವೆಂದೇ ನಂಬಿದ್ದರು. ಯಾರೂ ಕೂಗಿಡದೆ ಎದ್ದ ಹುಯ್ಯಲು ಅದು, ಮೊಬೈಲಿನಲ್ಲಿ ಹುಟ್ಟಿದ್ದು. ಇವೆರಡನ್ನೂ ಬೇರ್ಪಡಿಸಿ ನೋಡಲು ಒಂದು ಸುಲಭವಾದ ಗುರುತಿದೆ. ನೆರವಿಗೆ ಬಂದವನ ಮುಖ ನೊಂದವರ ಕಡೆಗಿರುತ್ತದೆ. ಗುಂಪಿನ ಮುಖ ಸಿಕ್ಕಿಬಿದ್ದವನ ಕಡೆಗಿರುತ್ತದೆ. ಕಣ್ಣೆದುರಿಗೆ ಘೋರ ಅಪರಾಧ ಮಾಡಿದವನನ್ನು ಹಿಡಿದಿಡುವ ಅಧಿಕಾರ ಸಾಮಾನ್ಯ ಪ್ರಜೆಗೂ ಉಂಟು. ಆದರೆ ತಡಮಾಡದೆ, ಆರು ಗಂಟೆಗಳೊಳಗೆ, ಅವನನ್ನು ಪೊಲೀಸರಿಗೆ ಒಪ್ಪಿಸಬೇಕೆಂದು ಈಗಿನ ನಾಗರಿಕ ಸುರಕ್ಷಾ ಸಂಹಿತೆ ವಿಧಿಸಿದೆ. ಹಿಡಿಯಲು ಕೈ ಉಂಟು, ಬಡಿಯಲು ಇಲ್ಲ. ಭಾಷೆ ಬಾರದ ಹೊರಗಿನ ಕೂಲಿಯವನು ನಮ್ಮ ಬೀದಿಯಲ್ಲಿ ದಾರಿ ತಪ್ಪಿದರೆ ಅವನೂ ಆಪತ್ತಿಗೆ ಸಿಕ್ಕವನೇ. ಅವನ ಮೊರೆಗೂ ನಮ್ಮ ಕಿವಿ ತೆರೆದಿರಬೇಕು.

ಮಂಡಕಳ್ಳಿಯಂತಹ ಅಂಚುಗಳಲ್ಲಿ ಮಾಡಬೇಕಾದ ಕೆಲಸ ಬಹಳ ಇದೆ. ಖಾಲಿ ನಿವೇಶನದ ಒಡೆಯರು ಗಿಡಗಂಟಿ ತೆಗೆಸಬೇಕು. ಬಸ್ಸು ನಿಲ್ಲುವ ಕಡೆ ದೀಪ ಉರಿಯಬೇಕು. ಕೊನೆಯ ಬಸ್ಸಿನ ಹೊತ್ತಿನವರೆಗೆ ಒಂದು ಅಂಗಡಿಯಾದರೂ ತೆರೆದಿರಬೇಕು. ಹುಡುಗರಿಗೆ ಸಂಜೆ ಆಡಲು ಒಂದು ಬಯಲು ಉಳಿದಿರಬೇಕು, ಅವರ ಹೆಸರು ಹಿರಿಯರಿಗೆ ಗೊತ್ತಿರಬೇಕು. ಇವುಗಳಲ್ಲಿ ಕೆಲವನ್ನು ಸರ್ಕಾರವೇ ಮಾಡಬೇಕು. ಅದಕ್ಕಾಗಿ ಅರ್ಜಿ ಬರೆಯೋಣ, ಬರೆದು ಬರೆದು ಬೇಸರ ತರಿಸೋಣ. ಅರ್ಜಿ ಬೇಡದ ಕೆಲಸವೂ ಒಂದಿದೆ. ಈ ಹೊತ್ತಿನಲ್ಲಿ ಯಾರೋ ಒಬ್ಬಳು ಬಸ್ಸಿಳಿದು ನಿಮ್ಮ ಬೀದಿಯ ತಿರುವಿಗೆ ಬರುತ್ತಿರಬಹುದು. ಮುಂಬಾಗಿಲಿನ ದೀಪ ಹಾಕಿ, ಬಾಗಿಲನ್ನು ಸ್ವಲ್ಪ ಹೊತ್ತು ತೆರೆದಿಟ್ಟು, ಅವಳು ಮನೆ ಸೇರುವವರೆಗೆ ಹೊರಗೆ ನಿಂತಿರಿ.