ಬೆಳಗಿನ ಜಾವದ ಎದೆನೋವು ಮತ್ತು ಅದರ ಔಷಧಿ



ಎದೆನೋವೆಂದರೆ ಗುಡ್ಡ ಹತ್ತುವಾಗ, ಮೂಟೆ ಹೊರುವಾಗ ಬರತಕ್ಕದ್ದೆಂದು ನಾವು ಬಲ್ಲೆವು. ಆದರೆ ಹಗಲೆಲ್ಲ ಉತ್ತರೂ ಬಾರದ ನೋವು ಕೆಲವರಿಗೆ ನಡುರಾತ್ರಿಯಿಂದ ಬೆಳಗಿನ ಜಾವದೊಳಗೆ, ಮಲಗಿರುವಾಗಲೇ ಬರುತ್ತದೆ. ಎದೆಯ ನಡುವೆ ಹಿಂಡಿದಂತಾಗಿ, ಮೈ ಬೆವರಿ, ಕೆಲವು ನಿಮಿಷಗಳಲ್ಲಿ ಇಳಿದುಹೋಗುತ್ತದೆ. ಬೆಳಗಾದ ಮೇಲೆ ‘ವಾಯು ಇದ್ದೀತು’ ಎಂದು ಓಮಿನ ಕಷಾಯ ಕುಡಿದು ಮರೆಯುವವರೇ ಹೆಚ್ಚು. ಇದನ್ನು ಪ್ರತ್ಯೇಕ ರೋಗವೆಂದು 1959ರಲ್ಲಿ ಅಮೆರಿಕದ ವೈದ್ಯ ಪ್ರಿಂಜ್‌ಮೆಟಲ್ ಮತ್ತು ಸಂಗಡಿಗರು ವಿವರಿಸಿದರು.

ಹೃದಯಕ್ಕೆ ರಕ್ತವೊದಗಿಸುವ ಕಿರೀಟಧಮನಿಯ ಗೋಡೆಯಲ್ಲಿಯೂ ಸ್ನಾಯುವಿದೆ. ರಾತ್ರಿ ಮೀನಖಂಡ ಹಿಡಿದುಕೊಳ್ಳುವಂತೆ ಅದು ಹಠಾತ್ತನೆ ಸೆಟೆದುಕೊಂಡರೆ ನಾಳ ಕಿರಿದಾಗಿ ರಕ್ತದ ಹರಿವು ತಗ್ಗುತ್ತದೆ. ನೋವು ಇಳಿದ ಬಳಿಕ ತೆಗೆದ ಇ.ಸಿ.ಜಿ. ಸರಿಯಾಗಿಯೇ ಕಾಣಬಹುದು, ಅಷ್ಟರಿಂದ ರೋಗವಿಲ್ಲವೆಂದಾಗದು. ಸೆಟೆತ ದೀರ್ಘವಾದರೆ ಹೃದಯಾಘಾತವಾಗಬಹುದು, ಬಡಿತ ತಪ್ಪಿ ಪ್ರಾಣಾಪಾಯವೂ ಉಂಟು. ಆದುದರಿಂದ ಮೊದಲ ಸಲ ನೋವು ಬಂದಾಗಲೇ ವೈದ್ಯರಿಗೆ ತೋರಿಸತಕ್ಕದ್ದು.

ನೋವು ಬಂದಾಗ ನಾಲಿಗೆಯ ಕೆಳಗಿಡಲು ನೈಟ್ರೇಟ್ ಮಾತ್ರೆ ಕೊಡುತ್ತೇವೆ. ಕುಳಿತುಕೊಂಡೇ ಇಟ್ಟುಕೊಳ್ಳಿರಿ, ನಿಂತಿದ್ದರೆ ರಕ್ತದೊತ್ತಡ ಇಳಿದು ತಲೆಸುತ್ತಿ ಬೀಳುವ ಸಂಭವವುಂಟು. ತುಸು ತಲೆನೋವು ಬಂದರೆ ಗಾಬರಿ ಬೇಡ. ಐದು ನಿಮಿಷದಲ್ಲಿ ಎದೆನೋವು ತಗ್ಗದಿದ್ದರೆ 108ಕ್ಕೆ ಕರೆಮಾಡಿರಿ, ಬೆಳಗಾಗಲೆಂದು ಕಾಯಬೇಡಿರಿ. ಪುರುಷರಲ್ಲಿ ಸಿಲ್ಡೆನಾಫಿಲ್ ಮಾತ್ರೆ ನುಂಗುವವರು ಸಂಕೋಚಪಡದೆ ವೈದ್ಯರಿಗೆ ತಿಳಿಸಬೇಕು. ಅದೂ ನೈಟ್ರೇಟೂ ಕೂಡಿದರೆ ರಕ್ತದೊತ್ತಡ ಅಪಾಯಕರವಾಗಿ ಕುಸಿಯುತ್ತದೆ.

ಸೆಟೆತವೇ ಬಾರದಂತೆ ತಡೆಯಲು ಡಿಲ್ಟಿಯಾಜೆಮ್, ಆಮ್ಲೊಡಿಪಿನ್ ಮೊದಲಾದ ನಿತ್ಯದ ಮಾತ್ರೆಗಳಿವೆ. ಸ್ನಾಯುಕೋಶದೊಳಕ್ಕೆ ಕ್ಯಾಲ್ಸಿಯಂ ಹೊಕ್ಕಾಗ ಧಮನಿ ಬಿಗಿಯುತ್ತದೆ. ಇವು ಆ ಬಾಗಿಲನ್ನು ಮುಚ್ಚುತ್ತವೆ. ನೋವು ಜಾವದಲ್ಲಿ ಬರುವುದರಿಂದ ಹಲವರಿಗೆ ಮಲಗುವ ಮುನ್ನ ಸೇವಿಸಲು ಹೇಳುತ್ತೇವೆ. ಪಾದ ಊದಿದರೆ ಬಂದು ತಿಳಿಸಿರಿ, ನೀವೇ ನಿಲ್ಲಿಸಬೇಡಿರಿ. ನನಗೆ ಹೆಚ್ಚಿನ ಕಳವಳವಿರುವುದು ಇಲ್ಲಿಯೇ. ಎರಡು ತಿಂಗಳು ನೋವಿಲ್ಲವೆಂದರೆ ರೋಗ ಹೋಯಿತೆಂದು ಮಾತ್ರೆ ಬಿಡುತ್ತಾರೆ. ನೋವಿಲ್ಲದಿರುವುದು ಮಾತ್ರೆಯ ಫಲವಿರಬಹುದು. ಒಮ್ಮೆಲೇ ಬಿಟ್ಟರೆ ಸೆಟೆತ ಮೊದಲಿಗಿಂತ ಜೋರಾಗಿ ಮರಳಬಹುದು. ಗಂಡನಿಗೆ ರೋಗವಿದ್ದರೆ ಮಾತ್ರೆಯ ಲೆಕ್ಕ ಹೆಂಡತಿ ಇಡಲಿ, ಹೆಂಡತಿಗಿದ್ದರೆ ಗಂಡನಿಡಲಿ; ಹೆಂಗಸರನ್ನೂ ಈ ರೋಗ ಬಿಡುವುದಿಲ್ಲ. ಬೀಡಿಯನ್ನಂತೂ ಬಿಡಲೇಬೇಕು. ಸೆಟೆತವನ್ನು ಕೆರಳಿಸುವುದರಲ್ಲಿ ಅದರದೇ ಮೇಲುಗೈ.

ನೆರೆಮನೆಯವರ ಎದೆನೋವಿನ ಮಾತ್ರೆಯನ್ನು ಎರವಲು ತಂದು ನುಂಗಬೇಡಿರಿ. ಬೇರೆ ಬಗೆಯ ಎದೆನೋವಿಗೆ ಹಿತವಾದ ಪ್ರೊಪ್ರನೊಲಾಲ್ ಇಲ್ಲಿ ಸೆಟೆತವನ್ನು ಹೆಚ್ಚಿಸಬಲ್ಲುದು. ಹೆರಿಗೆಯ ನಂತರ ರಕ್ತಸ್ರಾವ ತಡೆಯಲು ಕೊಡುವ ಮೀಥೈಲ್ ಎರ್ಗೊಮೆಟ್ರಿನ್ ಕೂಡ ಹಾಗೆಯೇ; ಈ ರೋಗವಿರುವ ಗರ್ಭಿಣಿಯರು ದಾಖಲಾಗುವಾಗಲೇ ದಾದಿಗೂ ವೈದ್ಯರಿಗೂ ಅದನ್ನು ತಿಳಿಸಬೇಕು, ತಾಯಿ ಕಾರ್ಡಿನಲ್ಲಿ ಬರೆಸಿಯೂ ಇಟ್ಟುಕೊಳ್ಳಬೇಕು.