ಕೋಟೆ ಹತ್ತುವ ದೇಹ ಏನನ್ನು ಉರಿಸುತ್ತದೆ?

ಚಿತ್ರದುರ್ಗದ ಕೋಟೆ ನೋಡಿ ಬಂದವರಲ್ಲಿ ಬಹಳ ಮಂದಿ ಕೋತಿರಾಜ್ ಎಂದೇ ಹೆಸರಾದ ಜ್ಯೋತಿರಾಜ್ ಅವರನ್ನೂ ನೋಡಿ ಬಂದಿರುತ್ತಾರೆ. ಹಗ್ಗವಿಲ್ಲ, ಕೊಕ್ಕೆಯಿಲ್ಲ, ಕಲ್ಲುಗಳ ಸಂದಿಗೆ ಬೆರಳ ತುದಿ ಸಿಕ್ಕಿಸಿ, ನೋಡನೋಡುತ್ತಿದ್ದಂತೆ ಗೋಡೆಯ ಮೇಲಿರುತ್ತಾರೆ. ಅದೇ ಕೋಟೆಯ ಇನ್ನೊಂದು ಬದಿಯಲ್ಲಿ ಅಜ್ಜಿಯೊಬ್ಬರು ಸೊಸೆಯೊಂದಿಗೆ ಮಾತಾಡಿಕೊಂಡು, ಉಸಿರು ಕಟ್ಟದ ಹಾಗೆ, ಏಕನಾಥೇಶ್ವರಿ ಗುಡಿಯ ಕಡೆ ನಡೆದಿರುತ್ತಾರೆ. ಇಬ್ಬರೂ ಏರುತ್ತಿರುವುದು ಒಂದೇ ಬೆಟ್ಟವನ್ನು. ಆದರೆ ಅವರ ಸ್ನಾಯುಗಳೊಳಗೆ ಉರಿಯುವ ಇಂಧನ ಒಂದೇ ಅಲ್ಲ. ಈ ಉಪನ್ಯಾಸದ ವಿಷಯ ಆ ವ್ಯತ್ಯಾಸ.

ಸ್ನಾಯು ಸಂಕುಚಿಸಲು ನೇರವಾಗಿ ಬಳಸುವುದು ಎಟಿಪಿ ಎಂಬ ಅಣುವನ್ನು ಮಾತ್ರ. ಅದರ ದಾಸ್ತಾನು ಕೆಲವೇ ಸೆಕೆಂಡುಗಳಿಗೆ ಸಾಕಾಗುವಷ್ಟು. ಹೀಗಾಗಿ ಕ್ಷಣ ಕ್ಷಣವೂ ಅದನ್ನು ಹೊಸದಾಗಿ ತಯಾರಿಸುತ್ತಲೇ ಇರಬೇಕು. ಗೋಡೆಗೆ ಜಿಗಿದ ಮೊದಲ ಹತ್ತು ಸೆಕೆಂಡುಗಳಷ್ಟು ಹೊತ್ತು ಈ ಕೆಲಸಕ್ಕೆ ಸ್ನಾಯುವಿನಲ್ಲೇ ಇರುವ ಕ್ರಿಯೇಟಿನ್ ಫಾಸ್ಫೇಟ್ ಎಂಬ ಇನ್ನೊಂದು ಅಣು ಒದಗಿಬರುತ್ತದೆ. ಅದು ಇಳಿಯುತ್ತಿದ್ದಂತೆ ಸ್ನಾಯುವಿನಲ್ಲಿ ಕೂಡಿಟ್ಟ ಗ್ಲೈಕೋಜನ್, ಅಂದರೆ ಉಂಡ ಮುದ್ದೆ ಅನ್ನಗಳ ಪಿಷ್ಟವೇ ರೂಪ ಬದಲಿಸಿದ ಸಕ್ಕರೆಯ ಸರಪಳಿ, ಆಮ್ಲಜನಕಕ್ಕೂ ಕಾಯದೆ ಒಡೆಯತೊಡಗುತ್ತದೆ. ಇದು ಅವಸರದ ದಾರಿ, ದುಂದಿನ ದಾರಿಯೂ ಹೌದು. ಒಂದು ಗ್ಲೂಕೋಸ್ ಅಣುವಿನಿಂದ ಹೀಗೆ ಸಿಗುವುದು 2 ಎಟಿಪಿ; ಅದೇ ಅಣು ಆಮ್ಲಜನಕದೊಂದಿಗೆ ಪೂರ್ತಿ ಉರಿದರೆ ಸುಮಾರು 30. ಅವಸರದ ದಾರಿಯಲ್ಲಿ ಹುಟ್ಟುವ ಲ್ಯಾಕ್ಟೇಟ್ ಬಗ್ಗೆ ಒಂದು ತಪ್ಪು ನಂಬಿಕೆ ಇನ್ನೂ ಉಳಿದಿದೆ. ಮರುದಿನದ ಮೈಕೈ ನೋವಿಗೆ ಅದು ಕಾರಣವಲ್ಲ. ಒಂದೆರಡು ಗಂಟೆಯೊಳಗೆ ರಕ್ತದಲ್ಲಿ ಅದರ ಪ್ರಮಾಣ ಮೊದಲಿನಂತಾಗುತ್ತದೆ, ಹೃದಯ ಅದನ್ನೇ ಇಂಧನವಾಗಿ ಬಳಸಿಕೊಳ್ಳುತ್ತದೆ. ನೋವು ಬರುವುದು ಸ್ನಾಯುವಿನ ಎಳೆಗಳಿಗೆ ಆದ ಸಣ್ಣ ಸಣ್ಣ ಗಾಯಗಳಿಂದ.

ಅಜ್ಜಿಯ ಲೆಕ್ಕ ಬೇರೆ. ಮಾತು ನಿಲ್ಲದಷ್ಟು ನಿಧಾನದ ನಡಿಗೆಯಲ್ಲಿ ರಕ್ತ ಬೇಕಾದಷ್ಟು ಆಮ್ಲಜನಕವನ್ನು ತಂದುಕೊಡುತ್ತದೆ. ಆಗ ದೇಹ ಕೊಬ್ಬಿನ ಕಡೆ ವಾಲುತ್ತದೆ. ಕೊಬ್ಬು ಆಮ್ಲಜನಕವಿಲ್ಲದೆ ಉರಿಯುವುದೇ ಇಲ್ಲ. ಇದ್ದರೂ ಅದರ ವೇಗಕ್ಕೊಂದು ಮಿತಿಯಿದೆ: ಸಾಧಾರಣ ಮನುಷ್ಯನಲ್ಲಿ ನಿಮಿಷಕ್ಕೆ ಅರ್ಧ ಗ್ರಾಂ ಆಸುಪಾಸು. ನಡಿಗೆ ಓಟವಾಗಿ, ಓಟ ಜೋರಾದಂತೆ ಕೊಬ್ಬಿನ ಪಾಲು ಇಳಿದು ಶರ್ಕರಪಿಷ್ಟದ, ಅಂದರೆ ಗ್ಲೈಕೋಜನ್ ಮತ್ತು ಸಕ್ಕರೆಯ, ಪಾಲು ಏರುತ್ತದೆ.

ಇದನ್ನು ಉಸಿರಿನಲ್ಲೇ ಅಳೆಯಬಹುದು. ಬರೀ ಶರ್ಕರಪಿಷ್ಟ ಉರಿಯುವಾಗ ಒಳಗೆ ಹೋದ ಆಮ್ಲಜನಕದಷ್ಟೇ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಬರೀ ಕೊಬ್ಬಾದರೆ ಅದರ 0.7 ಪಾಲು ಮಾತ್ರ. ಸ್ಕ್ಯಾಂಡಿನೇವಿಯಾದ ಕ್ರಿಸ್ಟೆನ್ಸೆನ್ ಮತ್ತು ಹ್ಯಾನ್ಸೆನ್ 1939ರಲ್ಲಿ ಪ್ರಕಟಿಸಿದ ಅಧ್ಯಯನಗಳು ಈ ಅಳತೆಯಿಂದಲೇ ವೇಗ, ಅವಧಿ ಮತ್ತು ಊಟ ಮೂರೂ ಸೇರಿ ಇಂಧನವನ್ನು ಆಯುತ್ತವೆಂದು ತೋರಿಸಿದವು.

ಇನ್ನು ದಾಸ್ತಾನಿನ ಮಾತು. ಅರವತ್ತು ಕಿಲೋ ತೂಕದ, ಮೈಯಲ್ಲಿ ಬೊಜ್ಜಿಲ್ಲದ ಯುವಕನನ್ನು ತೆಗೆದುಕೊಳ್ಳೋಣ. ಅವನ ಸ್ನಾಯುಗಳಲ್ಲಿ ಸುಮಾರು 400 ಗ್ರಾಂ ಗ್ಲೈಕೋಜನ್, ಯಕೃತ್ತಿನಲ್ಲಿ ಸುಮಾರು 100 ಗ್ರಾಂ. ಗ್ರಾಂಗೆ 4 ಕಿಲೋಕ್ಯಾಲರಿಯಂತೆ ಒಟ್ಟು 2000. ಮೈಯಲ್ಲಿರುವ ಕೊಬ್ಬು 9 ಕಿಲೋ ಎಂದುಕೊಂಡರೂ, ಗ್ರಾಂಗೆ 9 ಕಿಲೋಕ್ಯಾಲರಿಯಂತೆ 80,000 ದಾಟುತ್ತದೆ. ಹಿರಿಯೂರಿನವರಿಗೆ ಇದನ್ನು ವಿವರಿಸುವುದು ಸುಲಭ. ಕೊಬ್ಬು ವಾಣಿ ವಿಲಾಸ ಸಾಗರ, 30 ಟಿಎಂಸಿ ಅಡಿಯ ಮಾರಿಕಣಿವೆ. ಆದರೆ ಜಲಾಶಯ ತುಂಬಿದ್ದರೂ ನೀರು ಹೊಲಕ್ಕೆ ಬರುವುದು ತೂಬಿನ ಅಗಲಕ್ಕೆ ತಕ್ಕಷ್ಟೇ. 1933ರ ನಂತರ 89 ವರ್ಷ ಕಾದು 2022ರಲ್ಲಿ ಕೋಡಿ ಬಿದ್ದಾಗಲೂ ನಾಲೆಯ ಅಗಲ ಇದ್ದಷ್ಟೇ ಇತ್ತು. ಕ್ರಮವಾದ ತಾಲೀಮು ಮಾಡುವುದು ಈ ತೂಬನ್ನು ಅಗಲಿಸುವ ಕೆಲಸ. ತಿಂಗಳುಗಟ್ಟಲೆ ಓಡಿದವರ ಸ್ನಾಯುಗಳಲ್ಲಿ ಇಂಧನ ಉರಿಸುವ ಒಲೆಗಳಾದ ಮೈಟೊಕಾಂಡ್ರಿಯಾ ಹೆಚ್ಚುತ್ತವೆ, ನವಿರಾದ ರಕ್ತನಾಳಗಳು ಹೆಚ್ಚುತ್ತವೆ, ಅದೇ ವೇಗದಲ್ಲಿ ಮೊದಲಿಗಿಂತ ಹೆಚ್ಚು ಕೊಬ್ಬು ಉರಿದು ಗ್ಲೈಕೋಜನ್ ಉಳಿಯುತ್ತದೆ.

ಹಿರಿಯೂರಿನಿಂದ ಚಿತ್ರದುರ್ಗಕ್ಕೆ ಹೆದ್ದಾರಿಯಲ್ಲಿ ಸುಮಾರು 40 ಕಿಲೋಮೀಟರ್, ಹೆಚ್ಚುಕಡಿಮೆ ಒಂದು ಮ್ಯಾರಥಾನ್. ಓಟಕ್ಕೆ ತಗಲುವ ಶಕ್ತಿ ಒಂದು ಕಿಲೋ ತೂಕಕ್ಕೆ, ಒಂದು ಕಿಲೋಮೀಟರಿಗೆ, ಸುಮಾರು ಒಂದು ಕಿಲೋಕ್ಯಾಲರಿ. ಅಂದರೆ ನಮ್ಮ ಯುವಕನಿಗೆ ದಾರಿಯುದ್ದಕ್ಕೂ 2400 ಬೇಕು. ಗ್ಲೈಕೋಜನ್ ಒಂದನ್ನೇ ನಂಬಿ ಜೋರಾಗಿ ಹೊರಟರೆ ದುರ್ಗ ಮುಟ್ಟುವ ಮೊದಲೇ ಕಾಲು ಸೋಲುತ್ತದೆ. ಕೊಬ್ಬು ಮೈತುಂಬ ಇರುತ್ತದೆ, ಆದರೆ ಆ ವೇಗಕ್ಕೆ ಅದು ಒದಗುವುದಿಲ್ಲ. 1924ರ ಬಾಸ್ಟನ್ ಮ್ಯಾರಥಾನ್ ಮುಗಿಸಿದವರ ರಕ್ತ ಪರೀಕ್ಷಿಸಿದ ವೈದ್ಯರು ಇದನ್ನು ಕಣ್ಣಾರೆ ಕಂಡರು. ಸಕ್ಕರೆ ಅಂಶ ತೀರಾ ಇಳಿದವರು ಬಿಳಿಚಿಕೊಂಡು, ನಡುಗುತ್ತ, ಮಂಕಾಗಿದ್ದರು. ಮರುವರ್ಷ ಹಿಂದಿನ ದಿನ ಚೆನ್ನಾಗಿ ಪಿಷ್ಟ ಉಣಿಸಿ, ದಾರಿಯಲ್ಲಿ ಮಿಠಾಯಿ ತಿನ್ನಿಸಿದಾಗ ಆ ಸ್ಥಿತಿ ತಪ್ಪಿತು.

ಸ್ವೀಡನ್ನಿನ ಬರ್ಗ್‌ಸ್ಟ್ರೋಮ್ ಮತ್ತು ಹಲ್ಟ್‌ಮನ್ ಇನ್ನೂ ಒಳಗೆ ಹೊಕ್ಕು ನೋಡಿದರು. 1966ರಲ್ಲಿ ಪ್ರಕಟವಾದ ಪ್ರಯೋಗಕ್ಕೆ ಅವರೇ ಒಡ್ಡಿಕೊಂಡಿದ್ದರು. ಒಂದೇ ಸೈಕಲ್ಲನ್ನು ಎದುರುಬದುರು ಕೂತು ಇಬ್ಬರೂ ಒಂದೊಂದು ಕಾಲಿನಿಂದ ಮಾತ್ರ, ಸುಸ್ತಾಗುವ ತನಕ ತುಳಿದರು. ಮುಂದಿನ ಮೂರು ದಿನ ಪಿಷ್ಟದ ಊಟ. ದಪ್ಪ ಸೂಜಿಯಿಂದ ಎರಡೂ ತೊಡೆಗಳ ಸ್ನಾಯುವಿನ ಚೂರು ತೆಗೆದು ನೋಡಿದರೆ, ದುಡಿದ ಕಾಲಿನಲ್ಲಿ ಗ್ಲೈಕೋಜನ್ ಸುಮ್ಮನಿದ್ದ ಕಾಲಿಗಿಂತ ಇಮ್ಮಡಿಯಷ್ಟಿತ್ತು! ಉಂಡ ಊಟ ಒಂದೇ, ಹರಿದ ರಕ್ತ ಒಂದೇ. ದುಡಿದ ಸ್ನಾಯು ಮಾತ್ರ ಹೆಚ್ಚು ತುಂಬಿಕೊಂಡಿತು. ವ್ಯಾಯಾಮ ವಿಜ್ಞಾನದಲ್ಲಿ ಇಷ್ಟು ಸರಳವಾದ, ಇಷ್ಟು ಸುಂದರವಾದ ಪ್ರಯೋಗಗಳು ಅಪರೂಪ.

ಹಾಗಾದರೆ ಪ್ರೋಟೀನ್? ಇಂದು ಜಿಲ್ಲೆಯ ಸಣ್ಣಪುಟ್ಟ ಊರುಗಳಲ್ಲೂ ಜಿಮ್ ಇವೆ, ಜಿಮ್ಮಿನ ಜೊತೆಗೆ ಪೌಡರ್ ಡಬ್ಬಿಗಳೂ ಬಂದಿವೆ. ‘ಮುದ್ದೆ ಬಿಡು, ಪ್ರೋಟೀನ್ ತಗೋ, ಶಕ್ತಿ ಬರುತ್ತೆ’ ಎಂಬ ಸಲಹೆ ಹುಡುಗರ ಕಿವಿಗೆ ಬೀಳುತ್ತಲೇ ಇರುತ್ತದೆ. ಈ ನಂಬಿಕೆ ಹೊಸದೇನಲ್ಲ. ಹತ್ತೊಂಬತ್ತನೇ ಶತಮಾನದ ದೊಡ್ಡ ರಸಾಯನಶಾಸ್ತ್ರಜ್ಞ ಲೀಬಿಗ್ ಕೂಡ ಸ್ನಾಯು ತನ್ನ ಪ್ರೋಟೀನನ್ನೇ ಉರಿಸಿ ದುಡಿಯುತ್ತದೆ ಎಂದಿದ್ದ. ಅದನ್ನು ಅಲುಗಾಡಿಸಿದ್ದು ಒಂದು ಬೆಟ್ಟ ಹತ್ತುವ ಪ್ರಯೋಗ. 1865ರ ಆಗಸ್ಟಿನಲ್ಲಿ ಜ್ಯೂರಿಕ್‌ನ ಫಿಕ್ ಮತ್ತು ವಿಸ್ಲಿಸೆನಸ್ ಸ್ವಿಟ್ಜರ್ಲೆಂಡಿನ ಫೌಲ್‌ಹಾರ್ನ್ ಶಿಖರಕ್ಕೆ ಹೊರಟರು. ಹಿಂದಿನ ಮಧ್ಯಾಹ್ನದಿಂದಲೇ ಪ್ರೋಟೀನ್ ಬಿಟ್ಟು, ಕೊಬ್ಬಿನಲ್ಲಿ ಕರಿದ ಪಿಷ್ಟದ ಬಿಲ್ಲೆ ಮತ್ತು ಸಕ್ಕರೆ ಹಾಕಿದ ಚಹಾದ ಮೇಲೆ ಸುಮಾರು 2000 ಮೀಟರ್ ಏರಿದರು. ದಾರಿಯುದ್ದಕ್ಕೂ ಮೂತ್ರ ಸಂಗ್ರಹಿಸಿ ಅದರ ಸಾರಜನಕದಿಂದ ಎಷ್ಟು ಪ್ರೋಟೀನ್ ಒಡೆದಿದೆ ಎಂದು ಲೆಕ್ಕ ಹಾಕಿದರು. ಮರುವರ್ಷ ಇಂಗ್ಲೆಂಡಿನ ಫ್ರಾಂಕ್‌ಲ್ಯಾಂಡ್ ಆಹಾರಗಳನ್ನು ಸುಟ್ಟು ಅವುಗಳ ಶಾಖವನ್ನು ಅಳೆದಾಗ ಲೆಕ್ಕ ಪೂರ್ತಿಯಾಯಿತು. ಒಡೆದ ಪ್ರೋಟೀನಿನ ಶಕ್ತಿ ಅವರ ಮೈಭಾರವನ್ನು ಅಷ್ಟೆತ್ತರಕ್ಕೆ ಎತ್ತಲೂ ಸಾಲುತ್ತಿರಲಿಲ್ಲ. ಬೆಟ್ಟ ಹತ್ತಿಸಿದ್ದು ಪಿಷ್ಟ ಮತ್ತು ಕೊಬ್ಬು.

ಇಂದಿನ ಅಳತೆಗಳೂ ಇದನ್ನೇ ಹೇಳುತ್ತವೆ. ವ್ಯಾಯಾಮದ ಶಕ್ತಿಯಲ್ಲಿ ಪ್ರೋಟೀನಿನ ಪಾಲು ಸಾಮಾನ್ಯವಾಗಿ ನೂರಕ್ಕೆ ಐದರ ಆಸುಪಾಸು. ಗಂಟೆಗಟ್ಟಲೆ ದುಡಿದು ಗ್ಲೈಕೋಜನ್ ಬರಿದಾದಾಗ ಅದು ಹತ್ತರ ತನಕ ಏರಬಹುದು, ಯಾಕೆಂದರೆ ಆಗ ಯಕೃತ್ತು ಪ್ರೋಟೀನಿನ ಘಟಕಗಳಾದ ಅಮೈನೋ ಆಮ್ಲಗಳಿಂದಲೇ ಗ್ಲೂಕೋಸ್ ತಯಾರಿಸುತ್ತದೆ. ಅಂದರೆ ಮುದ್ದೆ ಬಿಟ್ಟು ಕಸರತ್ತು ಮಾಡುವ ಹುಡುಗ, ಮೈ ಕಟ್ಟಲೆಂದು ಹಣ ಕೊಟ್ಟು ತಂದ ಪ್ರೋಟೀನಿನ ಒಂದು ಭಾಗವನ್ನು ಒಲೆಗೆ ಹಾಕುತ್ತಿದ್ದಾನೆ.

ಪ್ರೋಟೀನ್ ಬೇಡವೆಂದು ಇದರ ಅರ್ಥವಲ್ಲ. ಅದರ ಕೆಲಸ ದುರಸ್ತಿ ಮತ್ತು ಕಟ್ಟಡ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ವಯಸ್ಕರಿಗೆ ದಿನಕ್ಕೆ ಕಿಲೋ ತೂಕಕ್ಕೆ 0.83 ಗ್ರಾಂ ಸಾಕು. ಕಠಿಣ ತಾಲೀಮಿನವರಿಗೆ 1.2ರಿಂದ 1.6 ಗ್ರಾಂ ಬೇಕಾಗಬಹುದು. ಈ ಜಿಲ್ಲೆಯ ತಟ್ಟೆಯಲ್ಲಿ ಕೊರತೆಯಿದ್ದರೆ ಅದು ಇಲ್ಲಿಯೇ. ನೂರು ಗ್ರಾಂ ರಾಗಿಯಲ್ಲಿ ಪಿಷ್ಟ ಧಾರಾಳ, ಪ್ರೋಟೀನ್ ಮಾತ್ರ 7 ಗ್ರಾಂ. ಮುದ್ದೆ ದೊಡ್ಡದಾಗಿ ಸಾರು ತೆಳ್ಳಗಾದರೆ ದುಡಿದ ಮೈ ದುರಸ್ತಿಯಾಗುವುದಿಲ್ಲ. ಅದೇ ಸಾರು ಹುರುಳಿಯದಾಗಿ, ಕಟ್ಟಿನ ಜೊತೆ ಕಾಳೂ ಬಿದ್ದರೆ ಲೆಕ್ಕ ಬದಲಾಗುತ್ತದೆ. ನೂರು ಗ್ರಾಂ ಹುರುಳಿಯಲ್ಲಿ ಪ್ರೋಟೀನ್ ಇಪ್ಪತ್ತು ಗ್ರಾಂ ದಾಟುತ್ತದೆ, ರಾಗಿಯಲ್ಲಿ ಕಡಿಮೆಯಿರುವ ಲೈಸಿನ್ ಎಂಬ ಅಮೈನೋ ಆಮ್ಲ ಅದರಲ್ಲಿ ಹೆಚ್ಚಿದೆ. ಹಿರಿಯೂರಿನ ಹೊಲದ ಶೇಂಗಾ ಒಂದು ಹಿಡಿ, 50 ಗ್ರಾಂ, ಸುಮಾರು 12 ಗ್ರಾಂ ಪ್ರೋಟೀನ್ ಕೊಡುತ್ತದೆ. ಅರ್ಧ ಲೀಟರ್ ಹಾಲು 16, ಎರಡು ಮೊಟ್ಟೆ 12. ಹಾಲಿನಿಂದಲೇ ಬೇರ್ಪಡಿಸಿ ತೆಗೆದ ವೇ ಪೌಡರ್ ವಿಷವೇನಲ್ಲ, ಆದರೆ ಕೂಲಿ ಮನೆಯ ಹುಡುಗ ಸಾಲ ಮಾಡಿ ಕೊಳ್ಳಬೇಕಾದ ವಸ್ತುವೂ ಅಲ್ಲ.

ಊಟದಿಂದ ಮತ್ತೆ ದುಡಿಮೆಗೆ ಬರೋಣ. ಹೊಸದುರ್ಗದ ತೆಂಗಿನ ತೋಟಗಳಲ್ಲಿ ಮರ ಹತ್ತುವವರ ದುಡಿಮೆಯನ್ನು ಕ್ರೀಡಾ ವಿಜ್ಞಾನದ ಕಣ್ಣಿನಿಂದ ನೋಡಿದವರು ಕಡಿಮೆ. ಒಂದು ಮರಕ್ಕೆ ಒಂದಷ್ಟು ಹೊತ್ತಿನ ಜೋರು, ಇಳಿದು ಇನ್ನೊಂದಕ್ಕೆ ಹೋಗುವಷ್ಟು ವಿರಾಮ, ಮತ್ತೆ ಜೋರು. ಇದು ಕಬಡ್ಡಿಯ ಲಯ. ಮೂವತ್ತು ಸೆಕೆಂಡಿನ ರೈಡ್ ಮುಗಿಸಿ ಬಂದ ಆಟಗಾರನ ಕ್ರಿಯೇಟಿನ್ ಫಾಸ್ಫೇಟ್ ಅರ್ಧದಷ್ಟು ತುಂಬಲು ಅರ್ಧ ನಿಮಿಷದಿಂದ ಒಂದು ನಿಮಿಷ, ಬಹುಪಾಲು ತುಂಬಲು ಮೂರರಿಂದ ಐದು ನಿಮಿಷ ಬೇಕು. ಆ ವಿರಾಮದಲ್ಲಿ ಅದನ್ನು ತುಂಬುವುದು ಆಮ್ಲಜನಕ. ಜಿಗಿತದ ಆಟಕ್ಕೂ ದೂರದ ಓಟದ ತಾಲೀಮು ಯಾಕೆ ಬೇಕು ಎಂಬುದಕ್ಕೆ ಉತ್ತರ ಇಲ್ಲಿದೆ.

ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯನ್ನು ಬಿಟ್ಟು ಈ ನೆಲದಲ್ಲಿ ವ್ಯಾಯಾಮದ ಮಾತು ಮುಗಿಯದು. ಅನಾಥಸೇವಾಶ್ರಮ ಕಟ್ಟಿದ ರಾಘವೇಂದ್ರ ಸ್ವಾಮೀಜಿ, ‘ತಿರುಕ’ ಎಂಬ ಹೆಸರಿನಲ್ಲಿ ಬರೆದವರು, ಊರೂರು ತಿರುಗಿ ಯೋಗ ಶಿಬಿರ ನಡೆಸಿ, 1996ರಲ್ಲಿ ತೀರಿಕೊಳ್ಳುವ ತನಕ ಸಾವಿರಾರು ಜನರ ಮೈ ಪಳಗಿಸಿದರು. ಅಲ್ಲಿ ಕಲಿತ ಸೂರ್ಯ ನಮಸ್ಕಾರವನ್ನೇ ಗಮನಿಸಬಹುದು. ಉಸಿರಿಗೆ ಹೊಂದಿಸಿ ನಿಧಾನವಾಗಿ ಹಾಕಿದರೆ ಕೊಬ್ಬಿನ ಪಾಲು ದೊಡ್ಡದು. ಏದುಸಿರು ಬರುವಷ್ಟು ಬೇಗ ಬೇಗ ಹಾಕಿದರೆ ಗ್ಲೈಕೋಜನ್ನಿನದು. ಸಲಕರಣೆ ಬೇಡದ, ಬಡವರ ಮನೆಯ ಜಗಲಿಯಲ್ಲೂ ಸಾಧ್ಯವಾದ ಇಂಥ ಕಸರತ್ತನ್ನು ಹಳ್ಳಿಗಳಿಗೆ ಒಯ್ದದ್ದು ಸಣ್ಣ ಕೆಲಸವಲ್ಲ.

ಮೈ ದುಡಿಸುವುದರಿಂದ ಇನ್ನೊಂದು ಲಾಭವೂ ಇದೆ. ದುಡಿಯುವ ಸ್ನಾಯು ಇನ್ಸುಲಿನ್ ನೆರವಿಲ್ಲದೆಯೂ ರಕ್ತದ ಸಕ್ಕರೆಯನ್ನು ಒಳಗೆ ಎಳೆದುಕೊಳ್ಳುತ್ತದೆ. ಊಟದ ನಂತರದ ಕಾಲು ಗಂಟೆ ನಡಿಗೆ ಸಕ್ಕರೆ ಕಾಯಿಲೆಯವರಿಗೆ ಒಳ್ಳೆಯದೆನ್ನುವುದು ಇದರಿಂದಲೇ. ಇನ್ಸುಲಿನ್ ಅಥವಾ ಕೆಲವು ಮಾತ್ರೆ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ದೂರ ನಡೆದರೆ ಮಾತ್ರ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಅವರು ವೈದ್ಯರನ್ನು ಕೇಳಿಯೇ ಹೊರಡಬೇಕು.

ಬೆಳಗಿನ ಜಾವ ದುರ್ಗದ ಒನಕೆ ಓಬವ್ವ ಕ್ರೀಡಾಂಗಣದಲ್ಲಿ ಪೊಲೀಸ್ ನೇಮಕಾತಿಗೆ ಓಡುವ ಹುಡುಗರಿಗೆ ಈ ವಿಜ್ಞಾನ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಅವರ ಮುಂದಿರುವುದು 1600 ಮೀಟರ್ ಓಟ, ಜಿಗಿತ, ಗುಂಡು ಎಸೆತ. ಆರೇಳು ನಿಮಿಷದ ಆ ಓಟ ಹೆಚ್ಚುಕಡಿಮೆ ಪೂರ್ತಿ ಶರ್ಕರಪಿಷ್ಟದ ಮೇಲೆ ನಡೆಯುತ್ತದೆ. ಜಿಗಿತ ಮತ್ತು ಎಸೆತ ಕ್ರಿಯೇಟಿನ್ ಫಾಸ್ಫೇಟ್ ಮೇಲೆ. ಮೈ ಹಗುರವಾಗಲೆಂದು ಹಿಂದಿನ ರಾತ್ರಿ ಉಪವಾಸ ಮಲಗುವವರಿದ್ದಾರೆ. ಅವರು ಓಡುವ ಮೊದಲೇ ಯಕೃತ್ತಿನ ಗ್ಲೈಕೋಜನ್ನಿನ ದೊಡ್ಡ ಪಾಲು ಖರ್ಚಾಗಿರುತ್ತದೆ. ಹಿಂದಿನ ದಿನ ಭಾರಿ ತಾಲೀಮು ಬೇಡ. ರಾತ್ರಿ ಮುದ್ದೆ, ಕಾಳಿನ ಸಾರು. ಬೆಳಿಗ್ಗೆ ಓಟಕ್ಕೆ ಎರಡು ಗಂಟೆ ಮೊದಲು ಎಣ್ಣೆಯಿಲ್ಲದ ಹಗುರ ತಿಂಡಿ, ಇಡ್ಲಿ ಅಥವಾ ಬಾಳೆಹಣ್ಣು. ಓಟ ಮುಗಿದ ಮೇಲೆ ಇನ್ನೊಂದು ಬಾಳೆಹಣ್ಣು, ನೀರು. ಗುಂಡು ಎಸೆತದ ಒಂದು ಯತ್ನಕ್ಕೂ ಇನ್ನೊಂದಕ್ಕೂ ನಡುವೆ ಸರದಿ ಬಿಡುವು ಕೊಟ್ಟಷ್ಟೂ ಹೊತ್ತು, ಸಾಧ್ಯವಾದರೆ ಮೂರು ನಿಮಿಷ, ಸುಮ್ಮನೆ ಕೂರುವುದು.